ಹಳದಿ ದಿನದ ಸಿಹಿ ನೀರು

ನಾಲ್ಕನೇ ತರಗತಿಯ ಭಾಷಾ ಪುಸ್ತಕದಲ್ಲಿ ‘ಬಣ್ಣದ ತೊರೆ’ ಎಂಬ ಪಾಠವಿತ್ತು. ಅದರ ಕೊನೆಗೆ ಒಂದು ಪ್ರಶ್ನೆ: ‘ಭಾರವಾದ ಹೂವಿನಂತೆ ಬಾಗಿದ ಅಪ್ಪನ ಕೈ ಏನನ್ನು ಸೂಚಿಸುತ್ತದೆ?’ ಅಂಗಡಿಯಲ್ಲಿ ಸಿಗುವ ಗೈಡಿನ ಪ್ರಕಾರ ಉತ್ತರ, ‘ದುಡಿಮೆಯಿಂದ ಬರುವ ವಿನಯವನ್ನು ಸೂಚಿಸುತ್ತದೆ.’ ನಮ್ಮ ಊರಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೆಲ್ಲ ಈ ವಾಕ್ಯವನ್ನು ಒಮ್ಮೆಯಾದರೂ ಉರು ಹೊಡೆದಿದ್ದಾರೆ. ನಾನೂ ಹೊಡೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ.

ಆ ಅಪ್ಪ ನನ್ನ ಅಜ್ಜ. ಪಾಠ ಬರೆದವಳು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಅಜ್ಜನ ಕೈ ಬಾಗಿದ್ದು ಯಾಕೆ ಎಂಬುದು ದೊಡ್ಡಮ್ಮನಿಗೆ ಗೊತ್ತಾಗಿದ್ದು ಎಪ್ಪತ್ತು ದಾಟಿದ ಮೇಲೆ. ಅಂದಿನಿಂದ ಅವಳ ಸಿಟ್ಟು ಇಳಿದಿಲ್ಲ.

ಅಜ್ಜ ಊರಾಚೆಯ ಬಟ್ಟೆ ಗಿರಣಿಯಲ್ಲಿ ಬಣ್ಣದ ಮೇಸ್ತ್ರಿಯಾಗಿದ್ದ. ದಾರದ ಲಡಿಗಳನ್ನು ಬಿಸಿ ಬಣ್ಣದ ತೊಟ್ಟಿಗೆ ಅದ್ದಿ, ಕೋಲಿನಿಂದ ತಿರುವಿ, ಎತ್ತಿ ಹಿಂಡುವುದು ಅವನ ವಿಭಾಗದ ಕೆಲಸ. ಸಂಜೆ ಅದ್ದಿದ ದಾರ ರಾತ್ರಿಯೆಲ್ಲ ತೊಟ್ಟಿಯಲ್ಲಿ ನೆನೆಯುತ್ತಿತ್ತು. ಬೆಳಿಗ್ಗೆ ದಾರ ತೆಗೆದು, ತಳದ ಮುಚ್ಚಳ ಬಿಚ್ಚಿ, ಉಳಿದ ನೀರನ್ನು ಹೊರಗೆ ಬಿಡುತ್ತಿದ್ದರು. ಗಿರಣಿಯ ಹಿಂದೆ ಬೆಟ್ಟದಿಂದ ಇಳಿದು ಬರುವ ಒಂದು ಹಳ್ಳವಿದೆ. ಆ ನೀರೆಲ್ಲ ಅದಕ್ಕೆ ಸೇರುತ್ತಿತ್ತು. ಅಲ್ಲಿಂದ ಸ್ವಲ್ಪ ಕೆಳಗೆ, ಹಳ್ಳ ತಿರುಗುವ ಕಡೆ, ಕಾರ್ಮಿಕರ ಸಾಲುಮನೆಗಳು. ಎರಡು ಕೋಣೆ, ಒಂದು ಒಲೆ, ಹಿಂದಿನ ಬಾಗಿಲು ತೆಗೆದರೆ ನೀರು. ಅಲ್ಲಿ ಅಕ್ಕತಂಗಿಯರು ಬೆಳೆದರು.

ಇಬ್ಬರಿಗೂ ಒಂದು ಆಟವಿತ್ತು. ನಾಳೆ ಹಳ್ಳದ ಬಣ್ಣ ಯಾವುದು ಎಂದು ಇಂದೇ ಹೇಳಬೇಕು. ಬೆಳಿಗ್ಗೆ ಎದ್ದವರೇ ಹಿಂದಿನ ಬಾಗಿಲಿಗೆ ಓಡಿ ನೋಡುವುದು. ಅಕ್ಕನೇ ಗೆಲ್ಲುತ್ತಿದ್ದಳು, ಹೆಚ್ಚುಕಡಿಮೆ ಪ್ರತಿ ಸಲ. ಗುಟ್ಟು ಸರಳ. ರಾತ್ರಿ ಅಪ್ಪನಿಗೆ ಊಟ ಬಡಿಸುವವಳು ಅವಳು. ಅವನ ಉಗುರಿನ ಸಂದಿನಲ್ಲಿ ಕೂತ ಬಣ್ಣವೇ ಮರುದಿನ ಹಳ್ಳದಲ್ಲಿ ಹರಿಯುತ್ತಿತ್ತು. ಬೆಟ್ಟ ತನ್ನ ಗುಟ್ಟನ್ನು ಅಪ್ಪನಿಗೆ ಮಾತ್ರ ಹೇಳುತ್ತದೆ, ಅಪ್ಪ ಅದನ್ನು ಕೈಯಲ್ಲಿ ಹಿಡಿದು ಮನೆಗೆ ತರುತ್ತಾನೆ ಎಂದು ಅವಳು ನಂಬಿದ್ದಳು. ಬಣ್ಣ ನೋಡಿ ಮುಗಿದ ಮೇಲೆ ಬೆರಳು ಅದ್ದಿ ರುಚಿ ನೋಡುವುದು ಆಟದ ಎರಡನೇ ಭಾಗ. ನೀಲಿ ದಿನದ್ದು ಕಹಿ. ಕೆಂಪು ದಿನದ್ದು ಉಪ್ಪು. ಹಳದಿ ದಿನದ ನೀರು ಸಿಹಿ.

ದೊಡ್ಡಮ್ಮ ಓದಿನಲ್ಲಿ ಚುರುಕು. ವಿದ್ಯಾರ್ಥಿವೇತನದಲ್ಲಿ ಕಾಲೇಜು ಮುಗಿಸಿ ಅದೇ ಕಾಲೇಜಿನಲ್ಲಿ ಸಾಹಿತ್ಯದ ಅಧ್ಯಾಪಕಿಯಾದಳು. ಅವಳ ವಿಷಯ ರಮ್ಯ ಕಾವ್ಯ. ಎರಡು ಶತಮಾನದ ಹಿಂದೆ ಕಾರ್ಖಾನೆಗಳ ಹೊಗೆ ಮೊದಲ ಸಲ ಆಕಾಶಕ್ಕೆ ಏರುತ್ತಿದ್ದಾಗ ಬೆಟ್ಟ, ತೊರೆ, ಹಕ್ಕಿ, ಮಗು ಎಂದು ಹಾಡಿದ ಕವಿಗಳು. ಮಗುವಿನ ಕಣ್ಣಿಗೆ ಕಾಣುವುದು ದೊಡ್ಡವರಿಗೆ ಕಾಣುವುದಿಲ್ಲ, ಬೆಳೆಯುವುದೆಂದರೆ ಆ ನೋಟವನ್ನು ಕಳೆದುಕೊಳ್ಳುವುದು, ಕವಿತೆ ಬರೆಯುವುದೆಂದರೆ ಅದನ್ನು ಹುಡುಕಿ ಹೊರಡುವುದು. ಇದನ್ನು ಅವಳು ವರ್ಷಗಟ್ಟಲೆ ಪಾಠ ಮಾಡಿದಳು. ಉದಾಹರಣೆಗೆ ಎಂದಾಗಲೆಲ್ಲ ಹಳ್ಳ ಬರುತ್ತಿತ್ತು. ವಿದ್ಯಾರ್ಥಿಗಳು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರಂತೆ. ಕೊನೆಗೆ ಯಾರೋ ಒತ್ತಾಯ ಮಾಡಿ ಅದನ್ನು ಬರೆಸಿದರು. ಪತ್ರಿಕೆಯಲ್ಲಿ ಬಂದ ಆ ಬರಹ ಚಿಕ್ಕದಾಗಿ ಪಠ್ಯಪುಸ್ತಕಕ್ಕೆ ಹೋಯಿತು. ವಿಮರ್ಶಕರು ಹೊಗಳಿದರು. ‘ಹಳದಿ ದಿನದ ನೀರು ಸಿಹಿ’ ಎಂಬ ಸಾಲಿನಲ್ಲಿ ಇಂದ್ರಿಯಗಳು ಒಂದರೊಳಗೊಂದು ಕರಗಿವೆ ಎಂದು ಒಬ್ಬರು ಇಡೀ ಪುಟ ಬರೆದರು.

ಅಮ್ಮನಿಗೆ ಮಾತ್ರ ಆ ಪಾಠ ಕಂಡರೆ ಆಗುತ್ತಿರಲಿಲ್ಲ. ಅಮ್ಮ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದವಳು. ಮಾತು ಚೂರಿ. “ಹಳ್ಳ ಅಂದ್ರೆ ನಿನ್ನ ಬಾಯಿ ಸವೆಯುತ್ತಾ? ತೊರೆಯಂತೆ. ನಾವು ಯಾವತ್ತು ತೊರೆಗೆ ಹೋಗಿ ಬರ್ತೀವಿ ಅಂತ ಹೇಳಿದ್ವು?” ಎಂದು ಕಾಡಿಸುತ್ತಿದ್ದಳು. ದೊಡ್ಡಮ್ಮ, ನಿನಗೆ ಕಾವ್ಯ ಹತ್ತೋದಿಲ್ಲ ಬಿಡು, ಎಂದು ನಗುತ್ತಿದ್ದಳು. ಅಮ್ಮ, ನನಗೆ ವಾಸನೆ ಹತ್ತುತ್ತೆ, ಎನ್ನುತ್ತಿದ್ದಳು. ಆ ಜಗಳ ಎಂದೂ ಇದರ ಆಚೆಗೆ ಹೋಗಿರಲಿಲ್ಲ.

ದೊಡ್ಡಮ್ಮ ಮದುವೆಯಾಗಲಿಲ್ಲ. ನಿವೃತ್ತಿಯ ಮೇಲೆ ಹಳ್ಳದಿಂದ ಎರಡು ಬೀದಿ ಈಚೆ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಕೆಳಗಿನ ಮನೆಯಲ್ಲಿ ಒಬ್ಬ ಟೈಲರ್ ಹೆಂಗಸು, ಅವಳ ಮಗಳು. ಟೈಲರಮ್ಮನ ಹೊಲಿಗೆ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಓಡುತ್ತಿತ್ತು. ಮಗಳು ಶಾಲೆಯಿಂದ ಬಂದು ಮಹಡಿ ಮೆಟ್ಟಿಲ ಮೇಲೆ ಕೂತು ದೊಡ್ಡಮ್ಮನಿಂದ ಕಥೆ ಹೇಳಿಸಿಕೊಳ್ಳುತ್ತಿದ್ದಳು. ವಾಚಾಳಿ ಮಗು. ದೊಡ್ಡಮ್ಮ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದಳು.

ಒಂದು ಸಂಜೆ ರೇಡಿಯೋ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೇ ದಿನ ಟೈಲರಮ್ಮ ತಾನೇ ಮೇಲೆ ಬಂದಳು. ಅವತ್ತು ಭಾನುವಾರ, ನಾನೂ ಅಮ್ಮನೂ ಅಲ್ಲಿದ್ದೆವು. ಬಾಗಿಲಲ್ಲೇ ನಿಂತು, ಒಳಗೆ ಬಾ ಎಂದರೂ ಬರದೆ, ಮಗಳ ನಾಲಿಗೆ ಬೊಬ್ಬೆ ಎದ್ದು ತುಟಿ ಊದಿದೆ, ನೀರು ಕುಡಿಯಲೂ ಅಳುತ್ತಾಳೆ ಎಂದಳು. ಡಾಕ್ಟರು ಏನು ತಿಂದೆ ಎಂದು ಕೇಳಿದರಂತೆ. ಹುಡುಗಿ ಮೊದಲು ಬಾಯಿ ಬಿಡಲಿಲ್ಲ. ಆಮೇಲೆ, ಹಳ್ಳ ಹಳದಿಯಾಗಿತ್ತು, ಸಿಹಿ ಇದೆಯಾ ಅಂತ ನೋಡಿದೆ ಎಂದಳಂತೆ.

“ಮೊದಲ ಸಲ ಸಿಹಿ ಬರಲಿಲ್ವಂತೆ ಮೇಡಂ,” ಎಂದಳು ಟೈಲರಮ್ಮ. “ತಾನು ಸರಿಯಾಗಿ ರುಚಿ ನೋಡಿಲ್ಲ ಅಂದ್ಕೊಂಡು ಬೊಗಸೆಯಲ್ಲಿ ತಗೊಂಡು ಇನ್ನೊಂದು ಸಲ ನೋಡಿದಾಳೆ. ಪಾಠದಲ್ಲಿ ಇದೆ, ಸುಳ್ಳಿರಲ್ಲ ಅಂತಾಳೆ. ನಾನು ಬೈಯೋಕೆ ಬಂದಿಲ್ಲ. ನಾನೂ ಅದೇ ಪಾಠ ಓದಿದವಳು. ಕೇಳೋಣ ಅಂತ ಬಂದೆ. ನೀವು ನಿಜವಾಗ್ಲೂ ಕುಡಿದಿದ್ರಾ?”

ಕುಡಿದಿದ್ದೆ ಎಂದಳು ದೊಡ್ಡಮ್ಮ. ಟೈಲರಮ್ಮ ತಲೆಯಾಡಿಸಿ ಇಳಿದು ಹೋದಳು. ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. ದೊಡ್ಡಮ್ಮನಿಗೆ ಮೊದಲು ಚುಚ್ಚಿದ್ದು ಅದೇ.

ಒಳಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತಳು. ನಾನು ರಸಾಯನಶಾಸ್ತ್ರ ಓದಿದವಳು. ಅವಳು ಅದನ್ನು ಎಂದೂ ಒಂದು ವಿದ್ಯೆ ಎಂದು ಒಪ್ಪಿದವಳಲ್ಲ, ಪಾತ್ರೆ ತೊಳೆಯುವ ಪುಡಿಯ ಶಾಸ್ತ್ರ ಎನ್ನುತ್ತಿದ್ದಳು. ಅವತ್ತು, ಹೇಳು, ಎಂದಳು.

ಹೇಳಿದೆ. ಈಗಿನ ಗಿರಣಿಯ ನೀರಿನಲ್ಲಿ ಕ್ಷಾರ ಹೆಚ್ಚು, ಬಣ್ಣ ದಾರಕ್ಕೆ ಹತ್ತಲಿ ಎಂದು ಹಾಕುವ ಸೋಡಾ. ಅದು ನಾಲಿಗೆಯ ತೆಳು ಚರ್ಮವನ್ನು ಸುಡುತ್ತದೆ. ಹುಡುಗಿಯ ಬೊಬ್ಬೆಗೆ ಅಷ್ಟು ಸಾಕು, ಬೇಗ ಮಾಯುತ್ತದೆ. ಅವಳು ತಲೆಯಾಡಿಸಿ, ಮತ್ತೆ ನನಗೆ ಸಿಕ್ಕ ಸಿಹಿ ಯಾವುದು, ಎಂದಳು.

 ಹತ್ತಿ ದಾರಕ್ಕೆ ಗಟ್ಟಿ ಹಳದಿ ಕೂರಿಸುವ, ಈಗ ಬಿಟ್ಟುಹೋದ ಒಂದು ಹಳೆಯ ವಿಧಾನವಿತ್ತು. ದಾರವನ್ನು ಮೊದಲು ಸೀಸದ ಒಂದು ಲವಣದ ನೀರಿನಲ್ಲಿ ಅದ್ದುವುದು, ಆಮೇಲೆ ಕ್ರೋಮಿಯಂನ ಇನ್ನೊಂದು ಲವಣದ ನೀರಿನಲ್ಲಿ. ಎರಡೂ ಕೂಡಿ ದಾರದ ಒಳಗೇ ಹಳದಿ ಹುಟ್ಟುತ್ತದೆ. ಸೀಸದ ಆ ಲವಣ ಸಿಹಿ. ಸೀಸದ ಸಕ್ಕರೆ ಎಂದೇ ಅದಕ್ಕೆ ಹಳೆಯ ಹೆಸರು. ಸೀಸ ವಿಷ ಎಂಬುದನ್ನು ಅವಳಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

“ಹಾಗಾದ್ರೆ ನಾನು ಬರೆದದ್ದು ನಿಜ,” ಎಂದಳು.

“ಅಕ್ಷರಶಃ ನಿಜ ದೊಡ್ಡಮ್ಮ.”

ಅಮ್ಮ ಅಲ್ಲಿಯವರೆಗೆ ಸುಮ್ಮನೆ ಕಾಳು ಆರಿಸುತ್ತಿದ್ದಳು. ತಲೆ ಎತ್ತದೆ, “ಅಪ್ಪನ ಒಸಡು ನೆನಪಿದೆಯಾ? ಹಲ್ಲಿನ ಬುಡದಲ್ಲಿ ನೀಲಿ ಗೆರೆ ಇರ್ತಿತ್ತು. ಬೀಡಿ ಸೇದಿ ಸೇದಿ ಹಾಗಾಗಿದೆ ಅಂತ ಅಮ್ಮ ಬೈತಿದ್ದಳು” ಎಂದು ಕೇಳಿದಳು.

ಸೀಸ ಮೈಗೆ ಸೇರಿದವರ ಒಸಡಿನಲ್ಲಿ ಅಂಥ ಗೆರೆ ಮೂಡುತ್ತದೆ. ವರ್ಷಗಟ್ಟಲೆ ಸೇರಿದರೆ ಮುಂಗೈ ಎತ್ತುವ ನರ ಸೋಲುತ್ತದೆ, ಮಣಿಕಟ್ಟು ಜೋತು ಬೀಳುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಚಿತ್ರವನ್ನೂ ನೋಡಿದ್ದೆ: ಮುಂದೆ ಚಾಚಿದ ತೋಳು, ತುದಿಯಲ್ಲಿ ಕೆಳಗೆ ಬಾಗಿದ ಕೈ. ಭಾರವಾದ ಹೂವಿನಂತೆ ಎಂಬುದಕ್ಕಿಂತ ಸರಿಯಾದ ವರ್ಣನೆ ಇಲ್ಲ. ನಾನು ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗ ದೊಡ್ಡಮ್ಮ ತನ್ನ ಬಲಗೈಯನ್ನು ಮುಂದೆ ಚಾಚಿ, ಮಣಿಕಟ್ಟು ಸಡಿಲ ಬಿಟ್ಟು, ಅದನ್ನೇ ನೋಡುತ್ತಾ ಕೂತಿದ್ದಳು. ನನ್ನ ಮುಖ ನೋಡಿದಳು. ನಾನು ಹೌದು ಎಂದೆ.

ಅವಳು ಎದ್ದು ತೊಟ್ಟಿಯಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದಳು. ತೊಳೆದಿಟ್ಟವುಗಳನ್ನೂ ಮತ್ತೆ ತೊಳೆದಳು. ಸದ್ದಿಗೆ ಕೆಳಗಿನ ಹೊಲಿಗೆ ಯಂತ್ರ ನಿಂತಿತು.

ಮೊದಲ ಸಿಟ್ಟು ಅಪ್ಪನ ಮೇಲೆ. ಅವನಿಗೆ ಗೊತ್ತಿತ್ತಲ್ಲ, ತೊಟ್ಟಿಯ ಮುಚ್ಚಳ ಬಿಚ್ಚುವವನು ಅವನೇ. ಬೆಟ್ಟ ಬಟ್ಟೆ ಒಗೆಯುತ್ತಿದೆ ಎಂದು ಮಕ್ಕಳಿಗೆ ಕಥೆ ಕಟ್ಟುವ ಬದಲು ಒಂದು ಮಾತು ಹೇಳಬಾರದಿತ್ತೇ ಎಂದು ಗೊಣಗಿದಳು. ಪಾಠದಲ್ಲಿ ಆ ಮಾತು ಇದೆ. ‘ಇವತ್ತು ಬೆಟ್ಟ ಯಾವ ಬಟ್ಟೆ ಒಗೆಯುತ್ತಿದೆ ನೋಡಿ’ ಎಂದು ಅಪ್ಪ ನಗುತ್ತಾನೆ.

ಅಮ್ಮ ಕಾಳಿನ ಮೊರ ಕೆಳಗಿಟ್ಟಳು. “ಅಕ್ಕ, ಅಪ್ಪ ಆ ಮಾತು ಹೇಳೇ ಇಲ್ಲ. ಅದು ನೀನು ನನಗೆ ಹೇಳ್ತಿದ್ದ ಕಥೆ. ನಾನು ಸಣ್ಣವಳು, ನಂಬ್ತಿದ್ದೆ. ಅಪ್ಪ ದಿನಾ ಹೇಳ್ತಿದ್ದದ್ದು ಒಂದೇ ಮಾತು, ನೀರಿಗೆ ಇಳೀಬೇಡಿ ಅಂತ. ಒಂದು ಸಲ ಇಳಿದಿದ್ದಕ್ಕೆ ನನಗೆ ಕೋಲಲ್ಲಿ ಬಾರಿಸಿದ್ದ. ಅದನ್ನ ನೀನು ಬರೀಲಿಲ್ಲ. ನಾತನೂ ಬರೀಲಿಲ್ಲ. ಕೊಳೆತ ಮೊಟ್ಟೆ ವಾಸನೆ ಅದು, ಹಿಂದಿನ ಬಾಗಿಲು ತೆಗೆದ್ರೆ ಅನ್ನ ಒಳಗಿಳೀತಿರಲಿಲ್ಲ. ನಿನ್ನ ಪಾಠ ಓದಿದ್ರೆ ಹೂವಿನ ತೋಟದಲ್ಲಿ ಬೆಳೆದ ಹಾಗಿದೆ.”

 ಆ ಸಂಜೆ ನಾವು ಹೊರಡುವಾಗ ದೊಡ್ಡಮ್ಮ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದು ಇಷ್ಟು. ಅಪ್ಪ ಕೋಲು ಹಿಡಿದದ್ದು ಅವಳಿಗೆ ನೆನಪಿತ್ತು. ಬರೆಯಲು ಕೂತಾಗ ಅದು ಹೊಂದಲಿಲ್ಲ. ಅವಳು ಓದಿ ತಲೆದೂಗಿದ ಕವಿತೆಗಳಲ್ಲಿ ತೊರೆಯ ದಡದಲ್ಲಿ ಆಡುವ ಮಗುವನ್ನು ಯಾರೂ ಹೊಡೆಯುವುದಿಲ್ಲ. ಹಾಗಾಗಿ ಕೋಲು ತೆಗೆದು, ಕಥೆಯನ್ನು ಅಪ್ಪನ ಬಾಯಿಗೆ ಹಾಕಿದಳು. ಆ ಕವಿಗಳಲ್ಲೇ ಒಬ್ಬಿಬ್ಬರು ಹೊಗೆಗೂಡು ಗುಡಿಸುತ್ತಾ ಮಸಿ ಮೆತ್ತಿಕೊಂಡ ಮಕ್ಕಳ ಬಗ್ಗೆ ಹಲ್ಲು ಕಚ್ಚಿ ಬರೆದಿದ್ದರು. ಅವು ಪಠ್ಯದಲ್ಲಿರಲಿಲ್ಲ. ಪರೀಕ್ಷೆಗೆ ಬರುವುದಿಲ್ಲ ಎಂದು ತಾನೂ ಪುಟ ಮಗುಚಿದ್ದೆ ಎಂದಳು. “ಅವರು ಸುಳ್ಳು ಹೇಳಲಿಲ್ಲ ಕಣೆ. ನಾನು ಅರ್ಧ ಓದಿದೆ.”

ಪುಸ್ತಕ ಹೊಸದಾಗಿ ಮುದ್ರಣಕ್ಕೆ ಹೋಗುವ ಹೊತ್ತು ಅದು. ಪಾಠವನ್ನು ಅದರೊಳಗಿಂದ ಕೀಳಿಸಬೇಕು. ಅವಳಿಗೆ ಬೇಕಾಗಿದ್ದು ಅದೊಂದೇ. ಇಲ್ಲದಿದ್ದರೆ ಪ್ರತಿ ವರ್ಷ ಇನ್ನೊಂದು ತರಗತಿ ಮಕ್ಕಳು ಅದನ್ನು ಓದಿ ನಾಲಿಗೆ ಚಾಚಿಕೊಂಡು ಹಳ್ಳಕ್ಕೆ ಇಳಿಯುತ್ತವೆ.

ಪಠ್ಯಪುಸ್ತಕ ಸಮಿತಿಯ ಅಧ್ಯಕ್ಷ ಅವಳ ಹಳೆಯ ವಿದ್ಯಾರ್ಥಿ. ಕ್ಲಾಸಿನಲ್ಲಿ ಯಾವ ಪದ್ಯ ಓದಿದರೂ ಅದ್ಭುತ ಎನ್ನುತ್ತಿದ್ದವನು. ಅದ್ಭುತ ಎಂದೇ ಅವನನ್ನು ಕರೆಯುತ್ತಿದ್ದಳು. ಸಮಿತಿಯ ಕೋಣೆ ಉದ್ದದ್ದು, ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ಹಳೆಯ ಮುಖಪುಟಗಳು. ನಾನು ಜೊತೆಗೆ ಹೋಗಿದ್ದೆ. ಅದ್ಭುತ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಪೂರ್ತಿ ಕೇಳಿದ. ಕೊನೆಗೆ ಕನ್ನಡಕ ತೆಗೆದು ಒರೆಸುತ್ತಾ, ಮೇಡಂ, ಅದು ರೂಪಕ, ಎಂದ. ಬಾಲ್ಯದ ಬಣ್ಣಗಳು. ಓದುವ ಮಗು ಅದನ್ನು ಹಾಗೆಯೇ ತೆಗೆದುಕೊಳ್ಳುತ್ತದೆ. ಒಂದು ಮಗು ತಪ್ಪು ತಿಳಿದುಕೊಂಡಿತೆಂದು ಇಷ್ಟು ಜನ ಪ್ರೀತಿಸುವ ಪಾಠವನ್ನು ತೆಗೆಯುವುದೇ?

“ರೂಪಕ ಅಲ್ಲಪ್ಪ. ನೀರು,” ಎಂದಳು ದೊಡ್ಡಮ್ಮ.

ಅವನು ನಕ್ಕ. ಅವಳು ಚೀಲದಿಂದ ಒಂದು ಹಾಳೆ ತೆಗೆದಳು. ಪಾಠವನ್ನು ಮತ್ತೆ ಬರೆದು ತಂದಿದ್ದಳು. ಅದೇ ಪಾಠ, ಅದೇ ಆಟ. ಆದರೆ ನಾತ ಇತ್ತು, ಕೋಲು ಇತ್ತು, ತೊಟ್ಟಿಯ ಮುಚ್ಚಳ ಇತ್ತು. ಅಪ್ಪನ ಕೈ ಹೂವಿನಂತೆ ಬಾಗಿತ್ತು, ಮುಂದಿನ ವಾಕ್ಯದಲ್ಲಿ ಅದಕ್ಕೆ ಕಾರಣವಿತ್ತು. ತೆಗೆಯಲಾಗದಿದ್ದರೆ ಇದನ್ನು ಹಾಕಿ ಎಂದಳು. ಅದ್ಭುತ ಓದಿದ. ಪಕ್ಕದಲ್ಲಿದ್ದ ಇಬ್ಬರು ಸದಸ್ಯರಿಗೂ ದಾಟಿಸಿದ. ಅವರಲ್ಲೊಬ್ಬರು, ಬರವಣಿಗೆ ಚೆನ್ನಾಗಿದೆ, ಆದರೆ ಒಂಬತ್ತು ವರ್ಷದ ಮಕ್ಕಳಿಗೆ ಭಾರ, ಅವರ ಮುಗ್ಧತೆಗೆ ಪೆಟ್ಟು ಬೀಳುತ್ತದೆ, ಎಂದರು. ಗಿರಣಿಯವರು ಪ್ರತಿ ವರ್ಷ ಶಾಲೆಗಳಿಗೆ ಸಮವಸ್ತ್ರದ ಬಟ್ಟೆ ಕೊಡುತ್ತಾರೆ ಎಂಬುದನ್ನೂ ಇನ್ನೊಬ್ಬರು ಮೆಲ್ಲಗೆ ನೆನಪಿಸಿದರು.

ದೊಡ್ಡಮ್ಮ ತರಗತಿಯಲ್ಲೂ ದನಿ ಏರಿಸಿದವಳಲ್ಲ. ಆಗಲೂ ಏರಿಸಲಿಲ್ಲ. “ಮುಗ್ಧತೆಗೆ ಪೆಟ್ಟು ಬೀಳಬಾರದು. ನಾಲಿಗೆಗೆ ಬಿದ್ರೆ ಅಡ್ಡಿಯಿಲ್ಲ. ಅಲ್ವಾ? ನಿಮಗೆ ಮಗು ಅಂದ್ರೆ ಪುಸ್ತಕದೊಳಗೆ ಇರೋದು. ಬಾಯಿ ಇರೋ ಮಗುವನ್ನ ಯಾವತ್ತಾದರೂ ನೋಡಿದೀರಾ?”

 ಅದ್ಭುತ ಚಹಾ ತರಿಸಿದ. ಪಾಠದ ಕೆಳಗೆ ‘ಹಳ್ಳದ ನೀರನ್ನು ಕುಡಿಯಬಾರದು’ ಎಂಬ ಒಂದು ಟಿಪ್ಪಣಿ ಸೇರಿಸಬಹುದು ಎಂದ. ಅವಳು ಚಹಾ ಮುಟ್ಟದೆ ಎದ್ದಳು. ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದಳು.   “ಅವನಿಗೆ ರೂಪಕ ಅಂತ ಹೇಳಿಕೊಟ್ಟವಳು ನಾನೇ,” ಎಂದಳು.

ಮರುದಿನದಿಂದ ಶಾಲೆ ಬಿಡುವ ಹೊತ್ತಿಗೆ ಕೊಡೆ ಹಿಡಿದು ಹಳ್ಳದ ಕಾಲುಸೇತುವೆಯ ಮೇಲೆ ಹೋಗಿ ನಿಲ್ಲತೊಡಗಿದಳು. ಮಕ್ಕಳು ಗುಂಪಾಗಿ ಬರುತ್ತಿದ್ದರು. ಅವಳು ಇಳಿಯಬೇಡಿ ಎನ್ನುವಳು, ಗದರುವಳು, ಕೊಡೆ ಬೀಸುವಳು. ಅವು ಸೇತುವೆಯ ಆಚೆ ಬದಿಯಿಂದ ಇಳಿಯುವವು. ಕೊಡೆ ಅಜ್ಜಿ ಎಂದು ಹೆಸರು ಬಿತ್ತು. ಅವಳದೇ ಪಾಠವನ್ನು ಅವಳ ಮುಂದೆ ರಾಗವಾಗಿ ಒಪ್ಪಿಸಿ, ಪಾಠದಲ್ಲೇ ಇದೆಯಲ್ಲ ಎಂದು ವಾದಿಸುವವು. ಅದನ್ನು ಬರೆದವಳು ನಾನೇ ಎಂದು ಒಂದು ದಿನ ಹೇಳಿಬಿಟ್ಟಳು. ಎರಡು ಹಲ್ಲು ಬಿದ್ದ ಒಬ್ಬ ಹುಡುಗಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಸುಳ್ಳು. ಪಾಠ ಬರೆದೋರೆಲ್ಲಾ ಸತ್ತೋಗಿರ್ತಾರೆ.”

“ಹಾಗಂತ ಯಾರು ಹೇಳಿದ್ರು?”

“ಫೋಟೋ ಹಾಕಿರ್ತಾರಲ್ಲ.”

ಇದನ್ನು ನಮಗೆ ಹೇಳುವಾಗ ದೊಡ್ಡಮ್ಮನಿಗೇ ನಗು ಬಂತು. ನಗು ನಿಂತ ಮೇಲೆ, ಆ ಹುಡುಗಿ ಹೇಳಿದ್ದು ಸರಿ, ಅದನ್ನು ಬರೆದವಳು ಸತ್ತಿದ್ದರೆ ಚೆನ್ನಾಗಿತ್ತು ಎಂದಳು.

ಗದರಿದರೆ ಆಗದು ಎಂದು ಅವಳಿಗೆ ಅಷ್ಟರಲ್ಲಿ ಅರ್ಥವಾಗಿತ್ತು. ಅಪ್ಪ ಕೋಲು ಹಿಡಿದು ಗದರಿದ್ದ, ಆದರೂ ಅವಳು ಇಳಿದಿದ್ದಳು. ಬೇಡ ಎನ್ನುವುದಕ್ಕೂ ತೋರಿಸುವುದಕ್ಕೂ ಇರುವ ಅಂತರವನ್ನು ಅಪ್ಪ ದಾಟಲಿಲ್ಲ. ಬಹುಶಃ ಮಕ್ಕಳ ಎದುರು ಆ ಮುಚ್ಚಳದ ಮೇಲೆ ಕೈಯಿಟ್ಟು ನಿಲ್ಲುವುದು ಅವನಿಂದ ಆಗುತ್ತಿರಲಿಲ್ಲ.

ಆ ವಾರದ ಕೊನೆಯಲ್ಲಿ ನಾಲಿಗೆ ಮಾಯ್ದ ರೇಡಿಯೋ ಮತ್ತೆ ಮೆಟ್ಟಿಲಿಗೆ ಬಂದಳು. ಬಂದವಳೇ ಕೇಳಿದ್ದು, ತನಗೆ ಯಾಕೆ ಸಿಹಿ ಸಿಗಲಿಲ್ಲ, ತಾನು ಒಳ್ಳೆಯ ಹುಡುಗಿಯಲ್ಲವೇ ಎಂದು. ದೊಡ್ಡಮ್ಮ ಟೈಲರಮ್ಮನ ಒಪ್ಪಿಗೆ ಕೇಳಿ ಅವಳ ಕೈ ಹಿಡಿದು ಹೊರಟಳು. ನನ್ನನ್ನೂ ಕರೆದಳು. ಸೇತುವೆಯ ಬಳಿ ಇದ್ದ ಮಕ್ಕಳಿಗೆಲ್ಲ, ಬಣ್ಣ ಎಲ್ಲಿಂದ ಬರುತ್ತೆ ನೋಡಬೇಕಾ, ಎಂದಳು. ಯಾವ ಮಗು ಬೇಡ ಎನ್ನುತ್ತದೆ? ಬೆಟ್ಟ ಹತ್ತಬೇಕಾ ಎಂದು ಒಬ್ಬ ಹುಡುಗ ಕೇಳಿದ. ಬೇಡ, ಹತ್ತಿರವೇ ಇದೆ ಎಂದಳು.

ದಡದ ಮೇಲೆ ಮುಳ್ಳುಕಂಟಿ ಬಳಸಿಕೊಂಡು ಹೋದೆವು. ಗಿರಣಿಯ ಹಿಂಗೋಡೆ ನೀರಿನವರೆಗೆ ಬಂದು ನಿಂತಿದೆ. ಅದರ ಬುಡದಲ್ಲಿ, ಜೊಂಡಿನ ಮರೆಯಲ್ಲಿ, ಒಂದು ಸಿಮೆಂಟಿನ ಪೈಪು. ಮಗು ತಲೆ ತೂರಿಸುವಷ್ಟು ಅಗಲ. ಅದರ ಕೆಳಗಿನ ಕಲ್ಲುಗಳ ಮೇಲೆ ಪದರು ಪದರಾಗಿ ಎಲ್ಲ ಬಣ್ಣಗಳೂ ಕೂತಿದ್ದವು. ಅದಕ್ಕಿಂತ ಮೇಲೆ ಹಳ್ಳದ ನೀರು ತಿಳಿಯಾಗಿತ್ತು. ತಳದ ಮರಳು ಕಾಣುತ್ತಿತ್ತು. ಮಕ್ಕಳು ಮೂಗು ಮುಚ್ಚಿಕೊಂಡರು.

ಈಗ ಪಾಳಿ ಮುಗಿದಾಗಲೆಲ್ಲ ತೊಟ್ಟಿ ಖಾಲಿ ಮಾಡುತ್ತಾರೆ. ಗಿರಣಿಯ ಸೈರನ್ ಕೂಗಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪೈಪು ಕೆಮ್ಮಿದ ಹಾಗೆ ಸದ್ದು ಮಾಡಿ, ಒಮ್ಮೆ ಉಗುಳಿ, ನಿಂತು, ನೇರಳೆ ನೀರನ್ನು ಒಂದೇ ಸಮನೆ ಬಿಡತೊಡಗಿತು. ಹಬೆಯಾಡುವ ನೀರು. ಗಲಾಟೆ ಮಾಡುತ್ತಿದ್ದ ಮಕ್ಕಳು ಎರಡು ಹೆಜ್ಜೆ ಹಿಂದೆ ಸರಿದರು.

“ಅಂದ್ರೆ ಬೆಟ್ಟ ಅಲ್ವಾ?” ಎಂದಳು ರೇಡಿಯೋ.

“ಅಲ್ಲ.”

“ಮತ್ತೆ ನೀವ್ಯಾಕೆ ಹಾಗೆ ಬರೆದ್ರಿ?”

ದೊಡ್ಡಮ್ಮನ ಬಾಯಲ್ಲಿ ಒಂದು ಉತ್ತರ ಬಂದು ನಿಂತಿದ್ದು ನನಗೆ ಕಾಣಿಸಿತು. ಅದನ್ನು ನುಂಗಿದಳು. “ಮೂಗು ಮುಚ್ಕೊಂಡು ಬರೆದೆ,” ಎಂದಳು.

ಹುಡುಗಿ ಕೈ ಬಿಡಿಸಿಕೊಂಡಳು. ಅವಳ ಮುಖದಿಂದ ಏನೋ ಇಳಿದು ಹೋಯಿತು. ಅದನ್ನು ಪಕ್ಕದಲ್ಲಿ ನಿಂತ ನಾನೇ ನೋಡಿದೆ ಎಂದರೆ ದೊಡ್ಡಮ್ಮ ನೋಡದೆ ಇರಲಾರಳು. ಬದುಕಿಡೀ ಅವಳು ಪಾಠ ಮಾಡಿದ್ದು ಮಗು ತನ್ನ ನೋಟವನ್ನು ಕಳೆದುಕೊಳ್ಳುವ ಆ ಒಂದು ಕ್ಷಣದ ಬಗ್ಗೆ. ಕವಿಗಳು ಅದಕ್ಕಾಗಿ ಅತ್ತ ಪುಟಗಳನ್ನು ಅವಳು ದನಿ ತಗ್ಗಿಸಿ ಓದುತ್ತಿದ್ದಳು. ಈಗ ಅದನ್ನು ತಾನೇ ಎದುರು ನಿಂತು ಮಾಡಬೇಕಾಯಿತು. ಪೈಪು ಇಟ್ಟವರು ಮಾಡಲಿಲ್ಲ, ಸಮಿತಿ ಮಾಡಲಿಲ್ಲ. ಅವರೆಲ್ಲ ಮಕ್ಕಳ ಮುಗ್ಧತೆ ಉಳಿಸಿದವರು.

ಮನೆಗೆ ಬರುವಾಗ ರೇಡಿಯೋ ನಮ್ಮ ಜೊತೆ ನಡೆಯಲಿಲ್ಲ. ಮುಂದೆ ಮುಂದೆ ಹೋದಳು. “ನನ್ನ ಮೇಲೆ ಸಿಟ್ಟು ಮಾಡ್ಕೊಂಡಿದಾಳೆ,” ಎಂದಳು ದೊಡ್ಡಮ್ಮ. “ಮಾಡ್ಕೊಳ್ಳಲಿ. ನಾನು ಆ ವಯಸ್ಸಲ್ಲಿ ಮಾಡ್ಕೊಳ್ಳಬೇಕಿತ್ತು.”

ಆಮೇಲೆ ನಡೆದದ್ದು ನಮ್ಮಲ್ಲಿ ಯಾರೂ ನಿರೀಕ್ಷಿಸದ ಸಂಗತಿ. ಮಕ್ಕಳು ನೀರಿಗೆ ಇಳಿಯುವುದನ್ನು ಬಿಟ್ಟರು. ಸೇತುವೆಯ ಮೇಲೆ ಸಾಲಾಗಿ ನಿಂತು ಮೂಗು ಹಿಡಿದುಕೊಂಡು ಪಾಠ ಒಪ್ಪಿಸುವುದು ಹೊಸ ಆಟವಾಯಿತು. ಪ್ರತಿ ವಾಕ್ಯದ ಕೊನೆಗೆ ಎಲ್ಲರೂ ಸೇರಿ ಥೂ ಎನ್ನುವುದು. ‘ನೀಲಿ ದಿನದ್ದು ಕಹಿ, ಥೂ. ಹಳದಿ ದಿನದ ನೀರು ಸಿಹಿ, ಥೂ.’ ಆಟ ಸೇತುವೆಯಿಂದ ಶಾಲೆಯ ಅಂಗಳಕ್ಕೆ ಹೋಯಿತು, ಅಲ್ಲಿಂದ ತರಗತಿಗೆ. ಟೀಚರು ಪಾಠ ಓದಲು ನಿಂತರೆ ಹಿಂದಿನ ಬೆಂಚಿನಿಂದ ಮೂಗಿನ ದನಿ ಏಳುತ್ತಿತ್ತು. ಅಪ್ಪನ ಕೈ ಬಾಗಿದ್ದು ಯಾಕೆ ಎಂಬುದನ್ನೂ ದೊಡ್ಡಮ್ಮ ಅವರಿಗೆ ಹೇಳಿದ್ದಳು. ಆ ಪ್ರಶ್ನೆಗೆ ಒಂದು ತರಗತಿಗೆ ತರಗತಿಯೇ ‘ವಿಷ’ ಎಂದು ಉತ್ತರ ಬರೆದು ಸೊನ್ನೆ ತೆಗೆದುಕೊಂಡಿತು. ತಾಯಂದಿರು ಶಾಲೆಗೆ ಹೋದರು. ಮೊದಲು ಹೋದವಳು ಟೈಲರಮ್ಮ. ಮೇಡಂನ ಕೇಳಿ, ಅವರಪ್ಪನ ಕೈ ಅದು, ಉತ್ತರ ಅವರಿಗೆ ಗೊತ್ತಿರುತ್ತೋ ಗೈಡಿಗೋ, ಎಂದಳಂತೆ.

ಅದ್ಭುತ ಫೋನ್ ಮಾಡಿದ. ಪಾಠ ಮಾಡಲಾಗುತ್ತಿಲ್ಲ ಎಂದು ಶಿಕ್ಷಕರು ದೂರುತ್ತಿದ್ದಾರೆ, ಸದ್ಯಕ್ಕೆ ಹೊಸ ಮುದ್ರಣದಲ್ಲಿ ಕೈಬಿಟ್ಟಿದ್ದೇವೆ, ಬೇಸರ ಮಾಡಿಕೊಳ್ಳಬೇಡಿ ಎಂದ. ಅದರ ಬದಲು ಕಾಮನಬಿಲ್ಲಿನ ಮೇಲೆ ಒಂದು ಪದ್ಯ ಹಾಕಿದ್ದಾರಂತೆ.

ಅಮ್ಮ ಅವತ್ತು ಅಕ್ಕನನ್ನು ಹೊಗಳುವ ಉತ್ಸಾಹದಲ್ಲಿ ಬಂದಿದ್ದಳು. ದೊಡ್ಡಮ್ಮ ಕಿಟಕಿಯ ಬಳಿ ಕೂತಿದ್ದಳು. ಮುಖ ಗಂಟಿಕ್ಕಿತ್ತು. ಗೆದ್ದೆಯಲ್ಲ, ಇನ್ನೇನು ಬೇಕು ನಿನಗೆ, ಎಂದಳು ಅಮ್ಮ.

“ಏನು ಗೆದ್ದೆ? ಹಳ್ಳದ ಬಗ್ಗೆ ಬರೆದಿದ್ದು ಹೋಯ್ತು. ಹಳ್ಳಕ್ಕೆ ಬಿಡೋದು ಹೋಯ್ತಾ? ಮೊದಲು ಸುಳ್ಳಾದ್ರೂ ಹೇಳ್ತಿದ್ರು. ಈಗ ಅದರ ಹೆಸರೇ ಎತ್ತಲ್ಲ. ಅವರಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ?”



ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ರೇಡಿಯೋ ಅದುವರೆಗೂ ಮುನಿಸು ಬಿಟ್ಟಿರಲಿಲ್ಲ. ಒಳಗೆ ಬರದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕಾಮನಬಿಲ್ಲಿನ ಪದ್ಯದ ಹಾಳೆಯನ್ನು ಟೀಚರು ಕೊಟ್ಟಿದ್ದರು, ಅದನ್ನು ಹಿಡಿದಿದ್ದಳು.

“ಇದನ್ನ ಬರೆದೋರೂ ಮೂಗು ಮುಚ್ಕೊಂಡಿದ್ರಾ?”

ದೊಡ್ಡಮ್ಮ ಹಾಳೆ ತೆಗೆದುಕೊಂಡು ಕನ್ನಡಕ ಹಾಕಿ ಮೊದಲಿಂದ ಕೊನೆಯವರೆಗೆ ಓದಿದಳು. ಹೊಗಳಲಿಲ್ಲ, ತೆಗಳಲಿಲ್ಲ. ಗೊತ್ತಿಲ್ಲ, ಮಳೆ ಬಿಸಿಲು ಒಟ್ಟಿಗೆ ಬಂದ ದಿನ ಹೊರಗೆ ನಿಂತು ನೋಡೋಣ, ಪದ್ಯ ಆಮೇಲೆ, ಎಂದಳು. ಹುಡುಗಿ ಅದನ್ನು ಯೋಚಿಸಿ, ಒಪ್ಪಿದಳೋ ಇಲ್ಲವೋ ಹೇಳದೆ, ಹಾಳೆ ವಾಪಸು ತೆಗೆದುಕೊಂಡಳು.

ಗಿರಣಿಯ ಸೈರನ್ ಕೇಳಿಸಿತು. ದೊಡ್ಡಮ್ಮ ಚೀಲದಿಂದ ಸಮಿತಿ ಹಿಂತಿರುಗಿಸಿದ ಹಾಳೆಯನ್ನು, ನಾತ ಮತ್ತು ಕೋಲು ಇರುವ ಆ ಪಾಠವನ್ನು, ತೆಗೆದು ಮಡಚಿ ಕೈಯಲ್ಲಿ ಹಿಡಿದಳು. ಕೊಡೆ ತೆಗೆದುಕೊಂಡಳು. ಎಲ್ಲಿಗೆ ಎಂದು ಅಮ್ಮ ಕೇಳಿದಳು.

“ಪಾಳಿ ಬಿಡೋ ಹೊತ್ತು. ಗಿರಣಿ ಬಾಗಿಲಲ್ಲಿ ನಿಂತು ಓದ್ತೀನಿ. ಒಳಗಡೆ ಕೈ ಅದ್ದೋರು ಕೇಳಲಿ.” ಮೆಟ್ಟಿಲು ಇಳಿಯುತ್ತಾ ತಿರುಗಿ, “ನೀನೂ ಬಾ. ನಾತದ ಭಾಗ ನಿನ್ನದು, ನೀನೇ ಓದು,” ಎಂದಳು.

ಅಮ್ಮ ಗೊಣಗುತ್ತಲೇ ಚಪ್ಪಲಿ ಹುಡುಕಿದಳು. ಅವರಿಬ್ಬರ ಹಿಂದೆ, ಸ್ವಲ್ಪ ದೂರ ಬಿಟ್ಟು, ಮುನಿಸಿಕೊಂಡೇ, ರೇಡಿಯೋ ಹೊರಟಳು.